ಎತ್ತಿನ ಹಲ್ಲು ನೋಡುವವರು ಗಾಡಿಯ ಹೊಟ್ಟೆಯನ್ನೂ ನೋಡಲಿ

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಲ್ಲಿ ಈಗ ಎತ್ತಿನ ಮಾತಿಗಿಂತ ಕಾರಿನ ಮಾತು ಹೆಚ್ಚು. ಅದೂ ಸಣ್ಣ ಕಾರಲ್ಲ, ಮಧ್ಯಮ ಗಾತ್ರದ ಕ್ರಾಸೋವರ್ ಎಸ್‌ಯುವಿ. 2012ರಲ್ಲಿ ರೆನೊ ಡಸ್ಟರ್, 2015ರಲ್ಲಿ ಹ್ಯುಂಡೈ ಕ್ರೆಟಾ ಹಚ್ಚಿದ ಈ ಹುಚ್ಚು ಕಿಯಾ ಸೆಲ್ಟೋಸ್, ಮಾರುತಿ ಗ್ರ್ಯಾಂಡ್ ವಿಟಾರಾ, ಹೋಂಡಾ ಎಲಿವೇಟ್ ಬಂದ ಮೇಲೆ ಇನ್ನೂ ಏರಿದೆ. ಬೆಲೆ 11 ಲಕ್ಷದ ಆಸುಪಾಸಿನಿಂದ 20 ಲಕ್ಷ. ಒಂದು ಒಕ್ಕಲುತನದ ಮನೆಗೆ ಇದು ಮಗಳ ಮದುವೆಯಷ್ಟೇ ದೊಡ್ಡ ಖರ್ಚು.

ಕ್ರಾಸೋವರ್ ಎಂದರೇನು? ಉದಗೀರ ಪಕ್ಕದ ದೇವಣಿ ತಳಿ ನಮಗೆಲ್ಲ ಗೊತ್ತು. ಹಾಲೂ ಕೊಡುತ್ತದೆ, ನೇಗಿಲೂ ಎಳೆಯುತ್ತದೆ. ಇದೂ ಹಾಗೆಯೇ. ಜೀಪಿನ ಎತ್ತರ, ಕಾರಿನ ಮೈ. ಆದರೆ ಜೀಪಿಗಿರುವ ಬೇರೆ ಚಾಸಿ ಇದಕ್ಕಿಲ್ಲ. ಹೆಚ್ಚಿನವುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ.

ನಿಲಂಗಾ ಕಡೆಯ ನಮ್ಮ ಕಾಕಾ ಒಬ್ಬರು 'ಗಾಡಿ ನೋಡ್ಲಿಕ್ಕಿ ಬಾ ತಮ್ಮಾ' ಎಂದು ಕರೆದಾಗ ನಾನು ಜೊತೆಗೆ ಹೋಗಿದ್ದೆ. ಅವರ ಮೊದಲ ಪ್ರಶ್ನೆಯೇ, 'ಮಳಿಗಾಲದಾಗ ಹೊಲದ ತನಕ ಹೋಗ್ತದೇನು?' ನಾನೆಂದೆ, 'ಎರಿ ಮಣ್ಣಿನ ರಾಡ್ಯಾಗ ಟ್ರ್ಯಾಕ್ಟರೇ ಹುಗೀತದ ಕಾಕಾ, ಇದರ ಪಾಡೇನು?' ನಾಲ್ಕೂ ಗಾಲಿಗೆ ಬಲ ಕೊಡುವ ಮಾದರಿ ಗ್ರ್ಯಾಂಡ್ ವಿಟಾರಾದಲ್ಲಿದೆ, ಕ್ರೆಟಾದಲ್ಲಿಲ್ಲ.

ಇನ್ನು ನೆಲದಿಂದ ಎತ್ತರ. ಕ್ರೆಟಾ 190 ಮಿಲಿಮೀಟರ್, ಗ್ರ್ಯಾಂಡ್ ವಿಟಾರಾ 210, ಎಲಿವೇಟ್ 220. ಐದು ಜನ, ಎರಡು ಚೀಲ ಏರಿದರೆ ಇದು ಇಳಿಯುತ್ತದೆ. ಹೀಗಾಗಿ ಒಬ್ಬರೇ ಓಡಿಸಿ ನೋಡಬೇಡಿ. ಮನೆಮಂದಿಯನ್ನೆಲ್ಲ ಕೂಡ್ರಿಸಿಕೊಂಡು ಊರ ಮುಂದಿನ ಸ್ಪೀಡ್ ಬ್ರೇಕರ್ ಹಾಯಿಸಿ. ಮೊಣಕಾಲು ನೋವಿನ ಅವ್ವ ಹತ್ತಿ ಇಳಿಯುವುದನ್ನು ನೋಡಿ. ರಾತ್ರಿ ಹೆಡ್‌ಲೈಟ್ ಹಾಕಿ ನೋಡಿ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರಾಲಿಗಳು ನಮ್ಮ ರಸ್ತೆಗೆ ಹೊಸವೇನಲ್ಲ.

ಡೀಸೆಲ್ಲೋ ಪೆಟ್ರೋಲೋ? ಉಮರ್ಗಾದಿಂದ ಸೊಲ್ಲಾಪುರ, ಹೈದರಾಬಾದ್ ಎಂದು ಹೆದ್ದಾರಿಯಲ್ಲೇ ಓಡುವವರಿಗೆ ಡೀಸೆಲ್ ಒಳ್ಳೆಯದು. ಅದು ಕ್ರೆಟಾ, ಸೆಲ್ಟೋಸ್‌ನಲ್ಲಿದೆ; ವಿಟಾರಾ, ಎಲಿವೇಟ್‌ನಲ್ಲಿಲ್ಲ. ಆದರೆ ಮನೆಯಿಂದ ಅಡತಿಗೆ, ಅಡತಿಯಿಂದ ಮನೆಗೆ ಎನ್ನುವವರು ಡೀಸೆಲ್ ಕೊಳ್ಳಬಾರದು. 2020ರ ಬಿಎಸ್-6 ನಿಯಮದ ನಂತರ ಹೊಗೆ ಶೋಧಿಸುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಕಾಯದಿದ್ದರೆ ಅದರಲ್ಲಿ ಮಸಿ ಕಟ್ಟುತ್ತದೆ. ವಿಟಾರಾದ ಹೈಬ್ರಿಡ್ ಲೀಟರಿಗೆ 27.97 ಕಿಲೋಮೀಟರ್ ಎಂಬುದು ಪರೀಕ್ಷೆಯ ಲೆಕ್ಕ, ರಸ್ತೆಯದ್ದಲ್ಲ. ಬ್ಯಾಟರಿಯಿಂದಾಗಿ ಅದರ ಡಿಕ್ಕಿ ಬರೀ 265 ಲೀಟರ್, ಎಲಿವೇಟ್‌ನದು 458. ಮದುವೆ ಜವಳಿ ಒಯ್ಯುವವರು ಇದನ್ನೂ ಲೆಕ್ಕ ಹಾಕಲಿ.

ಗಡಿಯವರಿಗೆ ಇನ್ನೊಂದು ಆಸೆ. ಬಸವಕಲ್ಯಾಣ, ಬೀದರದಲ್ಲಿ ಬೀಗರಿದ್ದಾರೆ, ಅಲ್ಲೇ ನೋಂದಣಿ ಮಾಡಿಸೋಣ ಎಂಬುದು. ಲಾಭವಿಲ್ಲ. 15 ಲಕ್ಷದ ಪೆಟ್ರೋಲ್ ಗಾಡಿಗೆ ಮಹಾರಾಷ್ಟ್ರದ ರಸ್ತೆ ತೆರಿಗೆ ಶೇ. 12, ಅಂದರೆ 1.80 ಲಕ್ಷ. ಕರ್ನಾಟಕದಲ್ಲಿ ಶೇ. 17, ಅಂದರೆ 2.55 ಲಕ್ಷ, ಮೇಲೆ ಸೆಸ್. ಅಲ್ಲದೆ ಬೇರೆ ರಾಜ್ಯದ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಹೊಸ ನೋಂದಣಿ ಮಾಡಿಸಲೇಬೇಕು. ಕನ್ನಡದ ಅಭಿಮಾನ ಮನೆಮಾತಿನಲ್ಲಿರಲಿ, ನಂಬರ್ ಪ್ಲೇಟಿನಲ್ಲಿ ಬೇಡ.

2025ರ ಸೆಪ್ಟೆಂಬರ್ 22ರಿಂದ ಈ ಗಾಡಿಗಳ ಜಿಎಸ್‌ಟಿ, ಸೆಸ್ ಸೇರಿ ಇದ್ದ ಶೇ. 45ರಿಂದ 40ಕ್ಕೆ ಇಳಿಯಿತು. ಅದೇ ತಿಂಗಳ ಮಳೆ ಮರಾಠವಾಡದ ಸೋಯಾಬೀನನ್ನು ಕೊಚ್ಚಿಕೊಂಡು ಹೋಯಿತು. ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಗಾಡಿಗೆ ತೆರಿಗೆ ಶೇ. 18 ಮಾತ್ರ ಎಂಬುದೂ ನೆನಪಿರಲಿ.

ಶೇ. 9ರ ಬಡ್ಡಿಯಲ್ಲಿ 10 ಲಕ್ಷ ಸಾಲ ತಂದರೆ ಏಳು ವರ್ಷ, ತಿಂಗಳಿಗೆ ಸುಮಾರು 16 ಸಾವಿರ ಕಂತು. ಕಾಕಾಗೆ ಈ ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ರಾಶಿ ವರ್ಷಕ್ಕ ಎರಡು ಸಲ, ಕಂತು ಹನ್ನೆರಡು ಸಲ' ಎಂದರು. ಕೊಳ್ಳುವವರು ಶೋರೂಮಿನ ಮೆಟ್ಟಿಲು ಹತ್ತುವ ಮೊದಲು ಈ ಒಂದು ಮಾತನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಬೇಕು. ಲೆಕ್ಕ ಹೊಂದಿದರೆ ಮಾತ್ರ ಪಾಡ್ಯದ ಪೂಜೆಗೆ ಗಾಡಿ ತನ್ನಿ.