ನಡುವಣ ಮಗನ ನಾಟಕ

ಪ್ರಾಥಮಿಕ ಶಾಲೆಯ ಮಕ್ಕಳಿಂದ ಸಂಸ್ಕೃತ ನಾಟಕ ಆಡಿಸೋಣವೆಂದರೆ ಮೇಷ್ಟ್ರುಗಳೇ ಹಿಂದೆ ಸರಿಯುತ್ತಾರೆ. ದುಷ್ಯಂತನ ವಿರಹ ಕಟ್ಟಿಕೊಂಡು ನಾಲ್ಕನೇ ಕ್ಲಾಸಿನವರಿಗೆ ಆಗಬೇಕಾದ್ದೇನು ಎಂದು ಕೇಳಿದರೆ ತಪ್ಪೇನಿಲ್ಲ. ಆದರೆ ಭಾಸನ ‘ಮಧ್ಯಮ ವ್ಯಾಯೋಗ’ ಆ ಮಕ್ಕಳ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಇರುವುದು ಒಂದೇ ಅಂಕ; ಪಾತ್ರಗಳೂ ಕೆಲವೇ. ಕಾಡಿದೆ, ರಾಕ್ಷಸನಿದ್ದಾನೆ, ಒಳ್ಳೆಯ ಹೊಡೆದಾಟವೂ ಇದೆ.

ಕಾಳಿದಾಸ ‘ಮಾಲವಿಕಾಗ್ನಿಮಿತ್ರ’ದ ಆರಂಭದಲ್ಲೇ ಭಾಸನನ್ನು ನೆನೆದಿದ್ದಾನೆ. ಆದರೂ ಭಾಸನ ನಾಟಕಗಳು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿರುವಾಂಕೂರಿನ ಟಿ. ಗಣಪತಿ ಶಾಸ್ತ್ರಿಗಳಿಗೆ ತಾಳೆಗರಿಗಳು ದೊರೆತು, 1912ರಿಂದ ತಿರುವನಂತಪುರದಲ್ಲಿ ಅಚ್ಚಾದವು. ಭಾಸನವೆಂದು ಹೆಸರಾದ ಆ 13 ನಾಟಕಗಳಲ್ಲಿ ಇದೂ ಒಂದು. ಕರ್ತೃತ್ವದ ಬಗ್ಗೆ ವಿದ್ವಾಂಸರ ವಾದ ಇನ್ನೂ ಇದೆ. ಮಕ್ಕಳಿಗೆ ಅದು ಬೇಡ.

ಕೇಶವದಾಸನೆಂಬ ಬ್ರಾಹ್ಮಣ ಹೆಂಡತಿಯನ್ನೂ ಮೂವರು ಗಂಡುಮಕ್ಕಳನ್ನೂ ಕರೆದುಕೊಂಡು ಬಂಧುಗಳ ಮನೆಯ ಉಪನಯನಕ್ಕೆ ಹೊರಟಿದ್ದಾನೆ. ದಾರಿಯಲ್ಲಿ ಘಟೋತ್ಕಚ ಅಡ್ಡಗಟ್ಟುತ್ತಾನೆ. ಉಪವಾಸವಿರುವ ತಾಯಿ ಹಿಡಿಂಬೆಯ ಪಾರಣೆಗೆ ಅವನಿಗೆ ಒಬ್ಬ ಮನುಷ್ಯ ಬೇಕು. ಅಪ್ಪ ಮುದುಕ, ಆಗದು. ಅಮ್ಮ ಹೆಂಗಸು, ಆಗದು. ಮೂವರು ಮಕ್ಕಳೂ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಮುಂದೆ ಬರುತ್ತಾರೆ. ಹಿರಿಯವನನ್ನು ಅಪ್ಪ ಬಿಡಲೊಲ್ಲ, ಕಿರಿಯವನನ್ನು ಅಮ್ಮ ಬಿಡಲೊಲ್ಲಳು.

ಮೇಷ್ಟ್ರು ಇಲ್ಲಿ ಓದು ನಿಲ್ಲಿಸಬೇಕು. ಮಾತಿಲ್ಲದೆ ಈ ದೃಶ್ಯವನ್ನು ಮಾಡಿ ತೋರಿಸಿ ಎಂದು ಐದು ಮಕ್ಕಳನ್ನು ನಿಲ್ಲಿಸಬೇಕು. ಅಪ್ಪನ ಕೈ ದೊಡ್ಡವನ ಭುಜದ ಮೇಲೆ, ಅಮ್ಮನ ಸೆರಗು ಚಿಕ್ಕವನ ಸುತ್ತ. ನಡುವಿನವನ ಮೇಲೆ ಯಾರ ಕೈಯೂ ಇಲ್ಲ. ಅಣ್ಣನಿಗೆ ಹೊಸ ಅಂಗಿ, ತಮ್ಮನಿಗೆ ಮುದ್ದು ಎಂದು ಮನೆಯಲ್ಲಿ ಮುನಿಸಿಕೊಂಡ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕೆ? ಮಕ್ಕಳು ನೊಂದುಕೊಂಡಾರು ಎಂದು ಕೆಲವರು ಈ ಭಾಗವನ್ನು ಮೆತ್ತಗೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಟಕದ ಜೀವ ಇರುವುದೇ ಇಲ್ಲಿ.

ಹೊರಟ ಹುಡುಗ ನೀರು ಕುಡಿದು ಬರುತ್ತೇನೆಂದು ಕೊಳದ ಕಡೆ ಹೋಗುತ್ತಾನೆ. ತಡವಾಯಿತೆಂದು ಘಟೋತ್ಕಚ ‘ಮಧ್ಯಮ, ಬೇಗ ಬಾ’ ಎಂದು ಕೂಗಿದರೆ, ಬರುವವನು ಕುಂತಿಯ ನಡುವಣ ಮಗ ಭೀಮ! ಎದುರಿಗಿರುವವನು ತನ್ನ ಅಪ್ಪನೆಂದು ಘಟೋತ್ಕಚನಿಗೆ ಗೊತ್ತಿಲ್ಲ. ತಾಯಿಯ ಹೆಸರು ಕೇಳಿದ ಭೀಮನಿಗೆ ಗೊತ್ತಾಗಿದೆ, ಪ್ರೇಕ್ಷಕರಿಗೂ ಗೊತ್ತಾಗಿದೆ. ಅಪ್ಪನ ಮೇಲೇ ಮರ ಕಿತ್ತೆಸೆಯುವ ಮಗನನ್ನು ಕಂಡು, ಕೆಳಗೆ ಕೂತ ಮಕ್ಕಳು ‘ಅವನು ನಿಮ್ಮಪ್ಪ ಕಣೋ’ ಎಂದು ಕಿರುಚಿದರೆ ಕಿರುಚಲಿ, ತಡೆಯಬೇಡಿ.

ಪರದೆ, ಲೈಟು, ಬಾಡಿಗೆ ವೇಷ ಯಾವುದೂ ಬೇಕಿಲ್ಲ. ರಂಗದ ಮೇಲೆ ಒಂದು ಸುತ್ತು ನಡೆದರೆ ಕಾಡು ದಾಟಿದಂತೆ; ಬೊಗಸೆ ಮಾಡಿ ಬಗ್ಗಿದರೆ ಕೊಳ. ಸಂಸ್ಕೃತ ರಂಗಭೂಮಿಯ ಈ ಕ್ರಮ ಅಂಗಳದಲ್ಲಿ ಆಡುವ ಮಕ್ಕಳಿಗೆ ಮೊದಲೇ ಬರುತ್ತದೆ. ಕರಾವಳಿಯ ಶಾಲೆಯಾದರೆ ಘಟೋತ್ಕಚನ ಪ್ರವೇಶಕ್ಕೆ ಯಕ್ಷಗಾನದ ಬಣ್ಣದ ವೇಷದ ಅಬ್ಬರವನ್ನು ಮಕ್ಕಳೇ ತಂದುಕೊಳ್ಳುತ್ತಾರೆ.

ಈ ಪ್ರಸಂಗ ಮಹಾಭಾರತದಲ್ಲಿಲ್ಲ, ಭಾಸನದೇ ಕಲ್ಪನೆ. ಆದರೆ ಏಕಚಕ್ರದ ಬಕಾಸುರನ ಕಥೆಯ ನೆರಳು ಇದರ ಮೇಲಿದೆ. ಹಾಗಾಗಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದಿಂದ ಮೊದಲು ಆ ಕಥೆ ಓದಿ ಹೇಳಿ, ಆಮೇಲೆ ನಾಟಕಕ್ಕೆ ಬರುವುದು ಒಳ್ಳೆಯದು. ಮಾತುಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಬಾರದು. ಸನ್ನಿವೇಶ ತಿಳಿದ ಮಕ್ಕಳು ತಮ್ಮ ಮನೆಮಾತಿನಲ್ಲೇ ಜಗಳವಾಡಲಿ; ಅದು ಹದಕ್ಕೆ ಬಂದ ಮೇಲೆ ಕನ್ನಡ ಅನುವಾದದ ಸಾಲುಗಳನ್ನು ಒಂದೊಂದಾಗಿ ಕೊಡಬಹುದು.

ಕೊನೆಗೆ ಹಿಡಿಂಬೆ ಭೀಮನನ್ನು ಗುರುತಿಸುತ್ತಾಳೆ, ಮಗ ಅಪ್ಪನ ಕಾಲಿಗೆರಗುತ್ತಾನೆ. ಬ್ರಾಹ್ಮಣನನ್ನು ಹಿಂಸಿಸುವುದು ತಪ್ಪೆಂದು ಘಟೋತ್ಕಚನಿಗೆ ಮೊದಲೇ ಗೊತ್ತಿತ್ತು, ಅಮ್ಮನ ಮಾತು ಮೀರಲಾರದೆ ಹೊರಟಿದ್ದ. ಅವನು ಕೆಟ್ಟವನೇ ಎಂದು ಕೇಳಿದರೆ ಮಕ್ಕಳು ಎರಡು ಪಂಗಡವಾಗುತ್ತಾರೆ. ತೀರ್ಪು ಕೊಡುವ ಆತುರ ಬೇಡ. ಮರುದಿನ ಪಾತ್ರ ಬದಲಿಸಿ, ಘಟೋತ್ಕಚನಾಗಿದ್ದವನಿಗೆ ನಡುವಣ ಮಗನ ಪಾತ್ರ ಕೊಟ್ಟು ಇನ್ನೊಮ್ಮೆ ಆಡಿಸಿ.