ಕ್ರೆಡಿಟ್ ಕಾರ್ಡ್ ಆಯ್ಕೆ: ಕೊಡುಗೆಗಿಂತ ಖರ್ಚಿನ ಲೆಕ್ಕ ಮುಖ್ಯ

ಪೆಟ್ರೋಲಿಗೆ ಒಂದು ಕಾರ್ಡ್, ಆನ್‌ಲೈನ್ ಖರೀದಿಗೆ ಮತ್ತೊಂದು, ವಿಮಾನ ಪ್ರಯಾಣಕ್ಕೆ ಮಗದೊಂದು. ಬ್ಯಾಂಕುಗಳು ನೀಡುವ ಕ್ರೆಡಿಟ್ ಕಾರ್ಡ್‌ಗಳ ಬಗೆಗಳು ಇಂದು ಹತ್ತಾರು. ಪ್ರತಿಯೊಂದರ ಜಾಹೀರಾತೂ ಲಾಭವನ್ನಷ್ಟೇ ಮುಂದಿಡುತ್ತದೆ. ಆದರೆ ಒಬ್ಬರಿಗೆ ಹಣ ಉಳಿಸಿಕೊಡುವ ಕಾರ್ಡ್ ಇನ್ನೊಬ್ಬರಿಗೆ ಹೊರೆಯಾಗಬಲ್ಲದು. ಇದನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಬಿಲ್ಲನ್ನು ಹೇಗೆ ಪಾವತಿಸಲಾಗುತ್ತದೆ ಮತ್ತು ಹಣ ಯಾವುದಕ್ಕೆ ಖರ್ಚಾಗುತ್ತದೆ ಎಂಬುದು.

ಪೂರ್ಣ ಪಾವತಿಯೋ, ಬಾಕಿಯೋ?

ಗಡುವಿನೊಳಗೆ ಬಿಲ್ಲಿನ ಪೂರ್ಣ ಮೊತ್ತ ಪಾವತಿಸುವವರಿಗೆ ಖರೀದಿಯ ಮೇಲೆ ಬಡ್ಡಿ ಇರುವುದಿಲ್ಲ. ಸ್ವಲ್ಪ ಬಾಕಿ ಉಳಿಸಿಕೊಂಡರೂ ಈ ಸೌಲಭ್ಯ ತಪ್ಪುತ್ತದೆ. ಹೊಸ ಖರೀದಿಗಳಿಗೂ ಬಡ್ಡಿ ಬೀಳತೊಡಗುತ್ತದೆ. ಅನೇಕ ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿದೆ. ಕೇಳಲು ಚಿಕ್ಕದೆನಿಸುವ ಈ ದರ ವರ್ಷಕ್ಕೆ ಶೇ. 42 ಆಗುತ್ತದೆ. ಬಡ್ಡಿಯ ಮೇಲೆ ಶೇ. 18ರಷ್ಟು ಜಿಎಸ್‌ಟಿ ಪ್ರತ್ಯೇಕ.

ತಿಂಗಳ ಬಿಲ್ 30,000 ರೂ. ಬಂದಿದ್ದು, ಗ್ರಾಹಕರು ಶೇ. 5ರ ಕನಿಷ್ಠ ಮೊತ್ತವಾದ 1,500 ರೂ. ಮಾತ್ರ ಕಟ್ಟಿದರೆನ್ನೋಣ. ಉಳಿದ 28,500 ರೂ.ಗೆ ಒಂದು ತಿಂಗಳ ಬಡ್ಡಿ ಮತ್ತು ತೆರಿಗೆ ಸೇರಿ ಸುಮಾರು 1,177 ರೂ. ಆಗುತ್ತದೆ. ಅದೇ ಕಾರ್ಡ್ ಶೇ. 1ರ ಕ್ಯಾಶ್‌ಬ್ಯಾಕ್ ಕೊಟ್ಟರೂ ದೊರೆಯುವುದು 300 ರೂ. ಮಾತ್ರ. ಅಂದರೆ ಸುಮಾರು ನಾಲ್ಕು ತಿಂಗಳ ಗಳಿಕೆ ಒಂದೇ ತಿಂಗಳ ಬಡ್ಡಿಗೆ ಕರಗುತ್ತದೆ. ಬಾಕಿ ಉಳಿಸುವ ಅಭ್ಯಾಸವಿರುವವರು ರಿವಾರ್ಡ್ ಪಾಯಿಂಟ್‌ಗಳನ್ನು ಮರೆತು ಕಡಿಮೆ ಬಡ್ಡಿಯ ಕಾರ್ಡ್ ಹುಡುಕುವುದು ಅಥವಾ ಕಾರ್ಡ್‌ನಿಂದಲೇ ದೂರವಿರುವುದು ಲೇಸು.

ಬಡ್ಡಿಗೆ ಕಾನೂನಿನ ಮಿತಿ ಇದೆಯೆಂದು ನಂಬುವಂತೆಯೂ ಇಲ್ಲ. ವಾರ್ಷಿಕ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು.

ಖರ್ಚಿನ ಜಾಡು

ಪೂರ್ಣ ಪಾವತಿ ಮಾಡುವವರು ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ದಿನಸಿ, ಇಂಧನ, ಆನ್‌ಲೈನ್ ಖರೀದಿ, ಪ್ರಯಾಣ ಎಂದು ಖರ್ಚನ್ನು ವಿಂಗಡಿಸಬೇಕು. ಯಾವುದು ಹೆಚ್ಚೋ ಅದಕ್ಕೆ ತಕ್ಕ ಕಾರ್ಡ್ ಪರಿಶೀಲಿಸಬೇಕು. ವಾರ್ಷಿಕ ಶುಲ್ಕವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ.

ಇಂಧನ ಖರ್ಚಿನ ಮೇಲೆ ಶೇ. 4ರಷ್ಟು ಲಾಭ ನೀಡುವ ಕಾರ್ಡ್‌ಗೆ ವಾರ್ಷಿಕ ಶುಲ್ಕ 500 ರೂ. ಇದ್ದರೆ ಜಿಎಸ್‌ಟಿ ಸೇರಿ 590 ರೂ. ಆಗುತ್ತದೆ. ಕಾರಿಗೆ ತಿಂಗಳಿಗೆ 4,000 ರೂ. ಪೆಟ್ರೋಲ್ ಹಾಕಿಸುವವರಿಗೆ ವರ್ಷಕ್ಕೆ 1,920 ರೂ. ಮರಳುತ್ತದೆ, ಶುಲ್ಕ ಕಳೆದು 1,330 ರೂ. ಉಳಿತಾಯ. ಸ್ಕೂಟರ್‌ಗೆ 1,000 ರೂ. ವ್ಯಯಿಸುವವರಿಗೆ ಬರುವುದು 480 ರೂ. ಮಾತ್ರ. ಅವರಿಗೆ 110 ರೂ. ನಷ್ಟ.

ಕ್ಯಾಶ್‌ಬ್ಯಾಕ್ ಕಾರ್ಡ್‌ಗಳಲ್ಲಿ ತಿಂಗಳಿಗೆ ಗರಿಷ್ಠ ಮಿತಿ ಇರುವುದುಂಟು. ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು, ಇಂಧನ ಮುಂತಾದವನ್ನು ಹಲವು ಕಾರ್ಡ್‌ಗಳು ಲಾಭದ ಲೆಕ್ಕದಿಂದ ಹೊರಗಿಡುತ್ತವೆ. ವಿಮಾನ ನಿಲ್ದಾಣದ ಲಾಂಜ್ ಪ್ರವೇಶಕ್ಕೂ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತು ಸಾಮಾನ್ಯವಾಗಿದೆ. ವಿದೇಶಕ್ಕೆ ಹೋಗಿಬರುವವರು ವಿದೇಶಿ ಕರೆನ್ಸಿ ವಹಿವಾಟಿನ ಹೆಚ್ಚುವರಿ ಶುಲ್ಕವನ್ನು ಮೊದಲು ನೋಡಬೇಕು.

ಬೀದಿಬದಿಯ ಅಂಗಡಿಯಲ್ಲೂ ಯುಪಿಐ ಬಳಸುವವರಿಗೆ ರುಪೇ ಕ್ರೆಡಿಟ್ ಕಾರ್ಡ್ ಅನುಕೂಲ. 2022ರಿಂದ ಇದನ್ನು ಯುಪಿಐಗೆ ಜೋಡಿಸಲು ಅವಕಾಶವಿದೆ. ಆದರೆ ಇದು ವ್ಯಾಪಾರಿಗಳಿಗೆ ಪಾವತಿಸಲು ಮಾತ್ರ. ಸ್ನೇಹಿತರ ಖಾತೆಗೆ ಹಣ ಕಳುಹಿಸಲು ಅಲ್ಲ. ಯಾವುದೇ ಕ್ರೆಡಿಟ್ ಕಾರ್ಡ್‌ನಿಂದ ಎಟಿಎಂನಲ್ಲಿ ನಗದು ಪಡೆಯುವುದು ದುಬಾರಿ. ಶುಲ್ಕದ ಜೊತೆಗೆ ಅಂದಿನಿಂದಲೇ ಬಡ್ಡಿ ಆರಂಭವಾಗುತ್ತದೆ.

ಗ್ರಾಹಕರ ಹಕ್ಕು

ಕೇಳದೆ ಕಾರ್ಡ್ ನೀಡುವುದನ್ನು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನಗಳಲ್ಲಿ ನಿಷೇಧಿಸಿದೆ. ಬಾಕಿ ಇಲ್ಲದ ಕಾರ್ಡನ್ನು ರದ್ದುಪಡಿಸಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ವಿಳಂಬದ ಪ್ರತಿ ದಿನಕ್ಕೆ 500 ರೂ.ಗಳನ್ನು ಗ್ರಾಹಕರಿಗೆ ನೀಡಬೇಕು. ಬಡ್ಡಿ, ಶುಲ್ಕ ಮುಂತಾದ ಮುಖ್ಯ ಷರತ್ತುಗಳನ್ನು ಪ್ರತ್ಯೇಕ ಪುಟದಲ್ಲಿ ತಿಳಿಸುವುದೂ ಕಡ್ಡಾಯ. ಅರ್ಜಿಗೆ ಸಹಿ ಹಾಕುವ ಮುನ್ನ ಆ ಪುಟವನ್ನು ಓದಬೇಕು. ಕೊಡುಗೆ ದೊರೆಯುತ್ತದೆಂದು ಬೇಡದ ವಸ್ತು ಕೊಂಡರೆ, ಶೇ. 5 ಉಳಿಸಲು ಶೇ. 95 ಖರ್ಚು ಮಾಡಿದಂತಾಗುತ್ತದೆ.