ಬಿಡುಗಡೆಯ ಬಳಿಕವೂ ಬೇಕು ಜಾಮೀನು

ಕೆಲವು ವರ್ಷಗಳ ಹಿಂದೆ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆ. ಎಲೆಯ ಮೇಲಿದ್ದ ಖಡಕ್ ರೊಟ್ಟಿಯನ್ನು ಮೆಚ್ಚಿದಾಗ, ಅದನ್ನು ತಟ್ಟಿಕೊಟ್ಟ ಹೆಣ್ಣುಮಗಳನ್ನೇ ಮನೆಯವರು ಕರೆಸಿದರು. ಆಕೆಯ ಹೆಸರು ಇಲ್ಲಿ ಬೇಡ. ಗಂಡ ಕುಡಿದು ಕುಡಿದು ಸತ್ತಿದ್ದ. ಉಳಿದದ್ದು ಅವನ ಸಾಲ. ಅದನ್ನು ತೀರಿಸಲು ಕಳ್ಳಭಟ್ಟಿ ಸಾರಾಯಿ ಮಾರತೊಡಗಿದ ಆಕೆ, ಕ್ರಮೇಣ ತಾನೂ ಕುಡಿತಕ್ಕೆ ಬಿದ್ದಳು. ಬಂಧನವಾಯಿತು. ನ್ಯಾಯಾಲಯ ಜಾಮೀನು ಕೊಟ್ಟರೂ ಹೊಲದ ಉತಾರ ಹಿಡಿದು ಹೊಣೆಗೆ ನಿಲ್ಲುವವರು ಸಿಗದೆ, ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಉಳಿದಳು.

‘ಸಾಹೇಬ್ರ, ಒಳಗಿದ್ದಾಗ ಯಾವಾಗ ಹೊರಗ ಹೋಗ್ತೀನಿ ಅನ್ನೂ ಚಿಂತಿ. ಹೊರಗ ಬಂದ ಮ್ಯಾಲ ಎಲ್ಲಿಗಿ ಹೋಗ್ಲಿ ಅನ್ನೂ ಚಿಂತಿ’ ಎಂದಳು ಆಕೆ.

ಈ ಮಾತು ನನ್ನನ್ನು ಚುಚ್ಚಿತು. ಸೇವೆಯಲ್ಲಿದ್ದಾಗ ನಾನೂ ಕಾರಾಗೃಹಗಳ ತಪಾಸಣೆಗೆ ಹೋದವನೇ. ಅಡುಗೆಯ ರುಚಿ ನೋಡಿದ್ದೇನೆ, ಹೊದಿಕೆಗಳನ್ನು ಎಣಿಸಿದ್ದೇನೆ. ‘ಬಿಡುಗಡೆಯಾದ ದಿನ ಎಲ್ಲಿಗೆ ಹೋಗುತ್ತೀಯವ್ವಾ?’ ಎಂದು ಒಬ್ಬ ಮಹಿಳೆಯನ್ನೂ ಕೇಳಿದ ನೆನಪಿಲ್ಲ.

ಇದೇ ರಾಮದುರ್ಗದ ಜನ 1939ರ ಏಪ್ರಿಲ್‌ನಲ್ಲಿ ಸಂಸ್ಥಾನದ ಬಂಧನದಲ್ಲಿದ್ದ ತಮ್ಮ ನಾಯಕರನ್ನು ಬಿಡಿಸಿಕೊಳ್ಳಲು ಸೆರೆಮನೆಗೇ ನುಗ್ಗಿದ್ದರು. ಪ್ರಾಣಹಾನಿಯೂ ಆಯಿತು. ಆ ಕಾಲದಲ್ಲಿ ಜೈಲು ಕಂಡು ಬಂದವರಿಗೆ ಊರಿನಲ್ಲಿ ಹಾರ ಕಾದಿರುತ್ತಿತ್ತು. ಸಾರಾಯಿ ಪ್ರಕರಣದ ವಿಧವೆಗೆ ಅಂಥ ಸ್ವಾಗತವನ್ನು ಯಾರೂ ಬಯಸುವುದಿಲ್ಲ. ಆದರೆ ಕಾನೂನು ವಿಧಿಸಿದ್ದನ್ನು ಅನುಭವಿಸಿ ಬಂದವಳಿಗೆ ಊರು ಮತ್ತೊಂದು ಶಿಕ್ಷೆ ವಿಧಿಸಬೇಕೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ, 2022ರ ಕೊನೆಯಲ್ಲಿ ದೇಶದ 5.73 ಲಕ್ಷ ಕೈದಿಗಳಲ್ಲಿ ಮಹಿಳೆಯರು ಸುಮಾರು 23,700 ಮಂದಿ, ಅಂದರೆ ಶೇ 4ರಷ್ಟು. ಒಟ್ಟು ಕೈದಿಗಳಲ್ಲಿ ಮುಕ್ಕಾಲು ಭಾಗ ವಿಚಾರಣಾಧೀನರು. ವ್ಯಸನದ ಲೆಕ್ಕವೂ ಹೀಗೆಯೇ ಇದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಸೇವಿಸುವ ಪುರುಷರು ಶೇ 27.3, ಮಹಿಳೆಯರು ಶೇ 1.6. ಸಂಖ್ಯೆ ಚಿಕ್ಕದಾದಷ್ಟೂ ವ್ಯವಸ್ಥೆಯ ಕಣ್ಣಿಗೆ ಬೀಳುವುದು ಕಡಿಮೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನಿಷೇಧದಿಂದ ಅಂಗಡಿ ಮುಚ್ಚಬಹುದು, ವ್ಯಸನ ಬಿಡುವುದಿಲ್ಲ. ಜೈಲಿನಲ್ಲಿ ಮದ್ಯ ಸಿಗದಿರುವುದನ್ನೇ ಚಿಕಿತ್ಸೆ ಎಂದು ಭಾವಿಸುವುದೂ ತಪ್ಪು. ವರ್ಷಾನುಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಚಿತ್ತಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅದು ದಾಟಿದರೂ ಹಳೆಯ ಓಣಿ, ಹಳೆಯ ಸಾಲ, ಹಳೆಯ ಒಂಟಿತನ ಹೊರಗೆ ಕಾದಿರುತ್ತವೆ. ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ, ನಿಜ. ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವವರಾರು?

ಕಾಗದಪತ್ರಗಳದು ಇನ್ನೊಂದು ಕಥೆ. ತಿಂಗಳಿಗೆ ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿ ದೊರೆಯಬೇಕಾದರೆ ಪಡಿತರ ಚೀಟಿಯಲ್ಲಿ ಆಕೆಯೇ ಮನೆಯ ಯಜಮಾನಿಯಾಗಿರಬೇಕು. ಮನೆಯಿಂದಲೇ ಹೊರಹಾಕಿಸಿಕೊಂಡವಳು ಯಾವ ಮನೆಯ ಯಜಮಾನಿ?

ಸಾಲಹಳ್ಳಿಯ ಈ ಹೆಣ್ಣುಮಗಳನ್ನು ಕೊನೆಗೆ ಎತ್ತಿ ನಿಲ್ಲಿಸಿದ್ದು ಊರಿನ ಸ್ವಸಹಾಯ ಗುಂಪು. ಅಲ್ಲಿಯೂ ಮೊದಲು ವಿರೋಧವಿತ್ತು. ಒಬ್ಬರು ಸಾಲ ಮುಳುಗಿಸಿದರೆ ಉಳಿದವರೆಲ್ಲ ಕಟ್ಟಬೇಕು, ಆದ್ದರಿಂದ ಅವರ ಅಂಜಿಕೆ ಅಕಾರಣವಲ್ಲ. ಹಿರಿಯಳೊಬ್ಬಳು ‘ಈಕಿಗೆ ನಾ ಜಾಮೀನ ಅದೀನಿ’ ಎಂದಳು. ಆ ಮಾತಿನ ಮೇಲೆ ಹಿಟ್ಟು, ಕಟ್ಟಿಗೆ, ಹಂಚಿಗೆ ಹಣ ಸಿಕ್ಕಿತು. ನಡುವೆ ಗೊಡಚಿ ಜಾತ್ರೆಯ ವೇಳೆ ಆಕೆ ಮತ್ತೆ ಕುಡಿದಳಂತೆ. ಗುಂಪು ಬೈಯಿತು, ಹೊರಹಾಕಲಿಲ್ಲ. ಹಿರಿಯಳು ಮರುದಿನ ನಸುಕಿನಲ್ಲೇ ಹೋಗಿ ಒಲೆಯ ಮುಂದೆ ಕೂರಿಸಿದಳು. ಆ ವಾರದ ಕಂತೂ ತಪ್ಪಲಿಲ್ಲ.

ಅರ್ಥಶಾಸ್ತ್ರದಲ್ಲಿ ನಾವು ಓದಿದ್ದು, ಅಡವಿಡಲು ಏನೂ ಇಲ್ಲದವರಿಗೆ ನಂಬಿಕೆಯೇ ಬಂಡವಾಳ ಎಂದು. ಆದರೆ ಆ ನಂಬಿಕೆಯನ್ನು ಮೊದಲು ಇನ್ನೊಬ್ಬರು ಸಾಲವಾಗಿ ಕೊಡಬೇಕು. ಎಲ್ಲ ಊರಿನಲ್ಲೂ ಅಂಥ ಹಿರಿಯಳು ಇರುತ್ತಾಳೆಂದು ಸರ್ಕಾರ ಕೈಕಟ್ಟಿ ಕೂರುವಂತಿಲ್ಲ.

ಜೈಲಿನೊಳಗಿರುವವರ ಬಗೆಗೆ ಒಂದಿಷ್ಟು ಕೆಲಸ ಆರಂಭವಾಗಿದೆ. ಬಡ ಕೈದಿಗಳ ನೆರವಿಗಾಗಿ 2023ರಲ್ಲಿ ಬಂದ ಕೇಂದ್ರದ ಯೋಜನೆ ಆರಂಭದಲ್ಲಿ ವಿಚಾರಣಾಧೀನರ ಜಾಮೀನಿಗೆ 40 ಸಾವಿರ ರೂಪಾಯಿವರೆಗೆ ಒದಗಿಸುತ್ತಿತ್ತು. 2024ರ ಜುಲೈಯಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, ಗಂಭೀರ ಅಪರಾಧಗಳನ್ನು ಬಿಟ್ಟು, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕೆನ್ನುತ್ತದೆ. ಹೊರಬಂದವರಿಗೆ ಬೇಕಾದುದೂ ದೊಡ್ಡ ವೆಚ್ಚದ್ದಲ್ಲ. ಬಿಡುಗಡೆಗೆ ಮೊದಲೇ ಪಡಿತರ ಚೀಟಿ ಮತ್ತು ಬ್ಯಾಂಕ್ ಖಾತೆ ಸರಿಪಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹೆಣ್ಣುಮಕ್ಕಳಿಗೆಂದೇ ವ್ಯಸನಮುಕ್ತಿ ಚಿಕಿತ್ಸೆ ಸಿಗಬೇಕು. ಇಂಥವರನ್ನು ಸೇರಿಸಿಕೊಳ್ಳುವ ಸ್ವಸಹಾಯ ಗುಂಪಿಗೆ ಆ ಸಾಲದ ಹೊಣೆಯನ್ನು ಸರ್ಕಾರ ಬರೆದುಕೊಡಬೇಕು.

ಹೊರಡುವಾಗ ಆಕೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಕಟ್ಟು ಕೈಗಿತ್ತಳು. ಹಣ ಕೊಡಲು ಹೋದರೆ ಬೇಡವೆನ್ನಲಿಲ್ಲ. ಎಣಿಸಿ, ಚಿಲ್ಲರೆ ಹಿಂದಿರುಗಿಸಿದಳು. ಆಕೆಗೆ ಬೇಕಾಗಿದ್ದದ್ದು ಕನಿಕರವಲ್ಲ, ಗಿರಾಕಿ.